ಎಣ್ಣೆ ಬಟ್ಟಲಿನ ಮುಚ್ಚಳ

ನನ್ನ ತಮ್ಮನ ಹೆಸರು ಈ ಲೋಕದಲ್ಲಿ ಒಂದೇ ಒಂದು ಕಡೆ ಉಳಿದಿತ್ತು. ಅದು ಹಳೇ ಉಗಿ ಇಂಜಿನ್ನೊಂದರ ಕೀಲುಗಳಿಗೆ ಎಣ್ಣೆ ಉಣಿಸುವ ಬಟ್ಟಲಿನ ಹಿತ್ತಾಳೆ ಮುಚ್ಚಳದ ಮೇಲೆ. ಈ ಸಂಗತಿ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಹೇಳಿದವಳು ಅಮ್ಮ, ಅದೂ ಅವರೆಕಾಯಿ ಸುಲಿಯುತ್ತಾ, ಸೊಪ್ಪು ತಂದೆಯಾ ಎಂದು ಕೇಳುವ ದನಿಯಲ್ಲಿ.

ಅಷ್ಟು ಹೊತ್ತಿಗೆ ಆ ಇಂಜಿನ್ ನಮ್ಮ ಮನೆಮಾತಾಗಿಬಿಟ್ಟಿತ್ತು. ಹೊಸೂರಿನ ಅಂಚಿನಲ್ಲಿ ಪಾಳುಬಿದ್ದ ಗೂಡ್ಸ್ ಶೆಡ್ಡೊಂದನ್ನು ರೈಲು ಮ್ಯೂಸಿಯಂ ಮಾಡಲು ಹೊರಟಿದ್ದರು. ಯಾವುದೋ ಯಾರ್ಡಿನಲ್ಲಿ ಮೈತುಂಬ ಮುಳ್ಳುಬಳ್ಳಿ ಹೊದ್ದು ನಿಂತಿದ್ದ ಮೀಟರ್ ಗೇಜ್ ಇಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಬಂದು, ಶೆಡ್ಡಿನೊಳಗೆ ತುಂಡು ಹಳಿ ಹಾಕಿ ಇಳಿಸಿದರು. ಅದನ್ನು ನೋಡುವ ಹಾಗೆ ಮಾಡಲು ಊರಿನ ಕಾರ್ಖಾನೆಗಳಿಂದ ನಿವೃತ್ತರಾದವರನ್ನು ಕರೆದರು. ನಮ್ಮ ಯಜಮಾನರು ಮೊದಲನೇ ದಿನವೇ ಓಡಿದರು. ಗಡಿಯಾರದ ಬಿಡಿಭಾಗಗಳಿಗೆ ಪಾಲಿಶ್ ಕೊಡುತ್ತಾ ಜೀವ ಸವೆಸಿದವರು ಅವರು. ಕೆಲಸ ಬಿಟ್ಟ ಮೇಲೆ ಬಾಗಿಲ ಚಿಲಕ, ದೇವರ ಗಂಟೆ, ನನ್ನ ಕುಕ್ಕರಿನ ಮುಚ್ಚಳ, ಒಂದನ್ನೂ ಬಿಡದೆ ಉಜ್ಜಿ ನನಗೆ ಸಾಕುಸಾಕು ಮಾಡಿದ್ದರು. ಆ ಇಂಜಿನ್ ಬಂದದ್ದು ನನ್ನ ಅಡುಗೆಮನೆಯ ಪುಣ್ಯ ಎಂದುಕೊಂಡೆ.

ದಿನಾ ಸಂಜೆ ಸೀಮೆಎಣ್ಣೆ ವಾಸನೆ ಹೊತ್ತು ಮತ್ತಿಗಿರಿಯ ನಮ್ಮ ಮನೆಗೆ ಬರುವರು. ಊಟಕ್ಕೆ ಕೂತರೆ ಅದೇ ಪುರಾಣ. ಹೊಗೆ ಕೊಳವೆಯಲ್ಲಿ ಕಣಜ ಗೂಡು ಕಟ್ಟಿತ್ತಂತೆ. ತಂತಿ ಬ್ರಷ್ಷಿನಲ್ಲಿ ತುಕ್ಕು ಕೆರೆದರೆ ಕಬ್ಬಿಣವೇ ಹಪ್ಪಳದ ಹಾಗೆ ಎದ್ದು ಬಂತಂತೆ. ಕೆಂಪು ಪ್ರೈಮರ್ ಬಳಿದ ಮೇಲೆ ಕಪ್ಪು ಬಣ್ಣ ಎಷ್ಟು ಸಲ ಹೊಡೆಯಬೇಕು ಎಂಬುದರ ಮೇಲೆ ಮುದುಕರ ನಡುವೆ ಜಗಳವೇ ಆಯಿತಂತೆ. ಅಮ್ಮ ಸುಮ್ಮನೆ ಕೇಳಿಸಿಕೊಳ್ಳುವಳು. ಒಂದು ದಿನ ಮಾತ್ರ ಇಂಜಿನ್ನಿನ ನಂಬರು ಏನಪ್ಪ ಎಂದು ಕೇಳಿದಳು. ಅವರು ಹೇಳಿದರು. ಅಮ್ಮ ಕೈ ತೊಳೆದು ಎದ್ದು ಹೋದಳು, ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಅದು ಅಪ್ಪ ಕೆಲಸ ಮಾಡಿದ ಇಂಜಿನ್. ಅಮ್ಮನಿಗೆ ಓದು ಬರಹ ಬಾರದು, ಆದರೆ ಆ ನಂಬರು ಬಾಯಿಪಾಠ.

ಅಪ್ಪ ಫೈರ್‌ಮನ್ ಆಗಿದ್ದರು. ಇಂಜಿನ್ನಿನ ಒಲೆಗೆ ಕಲ್ಲಿದ್ದಲು ಎತ್ತಿ ಹಾಕುತ್ತಾ ಹೊಸೂರು, ರಾಯಕೋಟೆ, ಧರ್ಮಪುರಿ, ಸೇಲಂ ಎಂದು ಓಡಾಡುವ ಕೆಲಸ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಆ ನಂಬರು ಕೇಳಿ ಅಮ್ಮನಿಗೆ ಅಪ್ಪನ ನೆನಪಾಗಿರಬೇಕು ಎಂದು ನಾನು ತಿಳಿದೆ. ಮ್ಯೂಸಿಯಂ ತೆರೆಯುವುದಕ್ಕೆ ವಾರವಿದೆ ಅನ್ನುವಾಗ ಅವರೆಕಾಯಿ ಮೊರದ ಮುಂದೆ ಅಮ್ಮ ಬಾಯಿ ಬಿಟ್ಟಳು.

"ನಿಮ್ಮಪ್ಪ ಆ ಇಂಜಿನ್ ಮ್ಯಾಲೆ ಮಗೂ ಹೆಸ್ರು ಹೊಡ್ದವ್ರೆ ಕಣೇ. ಪಾತ್ರೆ ಮ್ಯಾಲೆ ಹೊಡೀತಾರಲ್ಲ, ಹಂಗೆ. ಎಣ್ಣೆ ಬಟ್ಲು ಮುಚ್ಚಳದಾಗೈತೆ. ಒಂದ್ಸಲ ಮುಟ್ಬೇಕು ನಾನು."

ಮಗು ಅಂದರೆ ನನ್ನ ತಮ್ಮ. ನಾಲ್ಕು ವರ್ಷದವನು. ನಾವು ಉದ್ದನಪಲ್ಲಿಯಲ್ಲಿ ಅಜ್ಜಿ ಮನೆಯಲ್ಲಿದ್ದಾಗ ಜ್ವರ ನೆತ್ತಿಗೇರಿ ಹೋಗಿಬಿಟ್ಟ. ಅಪ್ಪ ಲೈನ್ ಮೇಲಿದ್ದರು. ಸುದ್ದಿ ಮುಟ್ಟಿ ಅವರು ಓಡಿಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮಕ್ಕಳ ದೇಹವನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಬಾರದು ಎಂದು ಹಿರಿಯರು ಅವಸರ ಮಾಡಿದರು. ಅಪ್ಪ ಮಗನ ಮುಖ ನೋಡಲಿಲ್ಲ. ಅಷ್ಟು ಸಣ್ಣವರಿಗೆ ತಿಥಿ ಇಲ್ಲ, ಎಡೆ ಇಲ್ಲ. ಅವನದೊಂದು ಫೋಟೋ ಇರಲಿಲ್ಲ. ಅವನ ಹೆಸರು ಹಾಕಿಸಿದ್ದ ಪುಟ್ಟ ಲೋಟವನ್ನು ಅಜ್ಜಿ ಅವನ ಜೊತೆಗೇ ಗುಂಡಿಗೆ ಇಟ್ಟಳಂತೆ. ಆ ಜಾಗದಲ್ಲಿ ಈಗ ಸೈಟು ಮಾಡಿ ಮಾರಿದ್ದಾರೆ. ಅಮ್ಮ ಅವತ್ತಿನಿಂದ ಅವನ ಹೆಸರನ್ನು ಬಾಯಲ್ಲಿ ಎತ್ತಿದವಳಲ್ಲ. ಮನೆಯಲ್ಲಿ ಅವನು ಮಗು, ಅಷ್ಟೇ. ನಾನೂ ಇಲ್ಲಿ ಅವನ ಹೆಸರು ಬರೆಯುವುದಿಲ್ಲ.

ನಮ್ಮ ಕಡೆ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು ರೂಢಿ. ಈಗ ಮಿಷನ್ನು ಗುಯ್‌ಗುಟ್ಟುತ್ತಾ ಬರೆಯುತ್ತದೆ. ಆಗ ಸಣ್ಣ ಉಳಿ, ಸಣ್ಣ ಸುತ್ತಿಗೆ, ಚುಕ್ಕಿ ಚುಕ್ಕಿಯಾಗಿ ಹೊಡೆಯುತ್ತಿದ್ದರು. ಹೆಸರಿದ್ದ ಪಾತ್ರೆ ಯಾರ ಮನೆಗೆ ಹೋದರೂ ತಿರುಗಿ ನಮ್ಮನೆಗೇ ಬರುತ್ತದೆ ಎಂಬ ಧೈರ್ಯ. ಅಪ್ಪ ಪಾತ್ರೆ ಅಂಗಡಿಯವನ ಮುಂದೆ ಕೂತು ಕೂತು ಅದನ್ನು ಕಲಿತರಂತೆ. ಒಂದು ಮಧ್ಯಾಹ್ನ ಗಾಡಿ ಹೊಸೂರಿನಲ್ಲಿ ನಿಂತಿದ್ದಾಗ ಅಮ್ಮನನ್ನು ಇಂಜಿನ್ ಹತ್ತಿಸಿ, ಮುಚ್ಚಳದ ಮೇಲೆ ಅವಳ ಬೆರಳಿಟ್ಟು, ಚುಕ್ಕಿಗಳ ಮೇಲೆ ಒಂದು ಸಲ ನಡೆಸಿದರಂತೆ. ಹೋಗೋ ಕಡೆ ಎಲ್ಲಾ ನಂಜೊತೆ ಬರ್ತಾನೆ ಬಿಡು ಅಂದರಂತೆ. ಅಮ್ಮ ಮತ್ತೆ ಆ ಇಂಜಿನ್ ಹತ್ತಿರ ಹೋಗಲಿಲ್ಲ.

ಇದನ್ನು ಅಳಿಯನಿಗೆ ಹೇಳಕೂಡದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಸರ್ಕಾರದ ಇಂಜಿನ್ ಮೇಲೆ ಗೀಚಿದ್ದು ಗೊತ್ತಾದರೆ ರೈಲ್ವೆಯವರು ಪಿಂಚಣಿ ನಿಲ್ಲಿಸುತ್ತಾರೆ ಎಂದು ಅವಳ ಭಯ. ಅಪ್ಪ ಹೋಗಿ ಇಷ್ಟು ವರ್ಷವಾದ ಮೇಲೆ ಯಾರು ಕೇಳುತ್ತಾರಮ್ಮ ಎಂದು ರೇಗಿದೆ. ಅವಳು ಜಗ್ಗಲಿಲ್ಲ. ಆ ಮುಚ್ಚಳ ತೆಗೆಯಲು ಬರುತ್ತದಾ, ಕನ್ನಡದಲ್ಲಿ ಬರೆದಿದ್ದಾ ಎಂದು ನಾನು ಒಂದರ ಮೇಲೊಂದು ಕೇಳಿದೆ. ಕನ್ನಡದಲ್ಲೇ, ಅವರಿಗೆ ಬೇರೆ ಏನು ಬರುತ್ತಿತ್ತು ಅಂದಳು. ಆ ವಾರವಿಡೀ ಅಮ್ಮ ಹಗುರಾಗಿ ಓಡಾಡಿದಳು. ಒಗೆದ ಸೀರೆಯನ್ನು ತಾನೇ ಮಡಿಸಿ ತಲೆದಿಂಬಿನ ಕೆಳಗೆ ಇಟ್ಟು ಇಸ್ತ್ರಿ ಮಾಡಿಕೊಂಡಳು. ಯಾರನ್ನೋ ನೋಡಲು ಹೊರಟವಳ ಸಂಭ್ರಮ ಅದು. ನನಗೂ ಏನೋ ಆಸೆ ಹತ್ತಿತು. ಅಪ್ಪನ ಕೈಬರಹವನ್ನು ನಾನು ಸಂಬಳದ ಸಹಿಯ ಆಚೆ ನೋಡಿದವಳಲ್ಲ.

ತೆರೆಯುವ ಹಿಂದಿನ ದಿನ ನಮ್ಮವರು ಅಪ್ಪಣೆ ಪಡೆದು ನಮ್ಮನ್ನು ಕರೆದುಕೊಂಡು ಹೋದರು. ಶೆಡ್ಡಿನ ಬಾಗಿಲು ತೆಗೆದಾಗ ನಾನು ನಿಜವಾಗಿ ಬೆರಗಾದೆ. ಕರ್ರಗೆ ಮಿರಮಿರ ಮಿಂಚುವ ಮೈ, ಚಕ್ರದ ಅಂಚಿಗೆ ಬಿಳಿ ಬಣ್ಣ, ಸುತ್ತ ಹಗ್ಗ ಕಟ್ಟಿ ಮುಟ್ಟಬೇಡಿ ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬೋರ್ಡು. ನಮ್ಮವರು ಹಗ್ಗ ಬಿಚ್ಚಿ, ಅಮ್ಮನಿಗೆಂದೇ ಒಂದು ಸ್ಟೂಲು ಇಟ್ಟರು. ನಾನು ಹಿಂದಿನಿಂದ ಆಸರೆ ಕೊಟ್ಟು ಹತ್ತಿಸಿದೆ. ಅವರು ಕೆಳಗೆ ನಿಂತು ಯಾರೊಂದಿಗೋ ಫೋನಿನಲ್ಲಿ ಮಾತಿಗಿಳಿದರು.

ಅಮ್ಮನಿಗೆ ದಾರಿ ತೋರಿಸಬೇಕಾಗಲಿಲ್ಲ. ನೇರ ಹೋಗಿ ಬಟ್ಟಲಿನ ಮುಂದೆ ನಿಂತಳು. ಕಣ್ಣು ಮುಚ್ಚಿ ಮುಚ್ಚಳದ ಮೇಲೆ ಬೆರಳು ಇಟ್ಟಳು. ಬೆರಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡಿದಳು. ನಾನು ಬಗ್ಗಿ ಬೆಳಕಿಗೆ ಮುಖವೊಡ್ಡಿ ನೋಡಿದೆ. ಹಿತ್ತಾಳೆ ಕನ್ನಡಿಯಂತಿತ್ತು. ಒಂದು ಕಡೆ ಅಂಗೈಯ ಅರ್ಧದಷ್ಟು ಜಾಗ ಸ್ವಲ್ಪ ತಗ್ಗಾಗಿ, ಉಳಿದದ್ದಕ್ಕಿಂತ ನುಣ್ಣಗಿತ್ತು. ಅಲ್ಲಿ ನನ್ನ ಮುಖ ಕಂಡಿತು.

ನಾವು ಮುಚ್ಚಳ ನೋಡುತ್ತಿರುವುದನ್ನು ಕಂಡು ನಮ್ಮವರು ಹಿಗ್ಗಿ ಹತ್ತಿ ಬಂದರು.

"ಅತ್ತೆ, ಅದ್ಕೆ ನಾನ್ ಪಟ್ಟ ಪಾಡು ನಂಗೇ ಗೊತ್ತು. ಯಾವನೋ ಕಳ್ಳ ಮನೆಗೆ ಹೊತ್ಕೊಂಡೋಗಿ ಅವ್ನ ಹೆಸ್ರು ಬೇರೆ ಹೊಡ್ಸಿದ್ದ. ಅರ ಹಾಕಿ ತೆಗ್ದೆ. ಇಲ್ದಿದ್ರೆ ನೋಡ್ದೋರು ಕದ್ದ ಮಾಲು ಅನ್ನೋರು."

ಅವರ ಲೆಕ್ಕಾಚಾರ ತಪ್ಪು ಎಂದು ಯಾರೂ ಹೇಳಲಾರರು. ಇಂಜಿನ್ನಿನ ಹಿತ್ತಾಳೆ ಸಾಮಾನು ಒಂದಷ್ಟು ರೈಲ್ವೆ ಉಗ್ರಾಣದಿಂದ ಗೋಣಿಚೀಲದಲ್ಲಿ ಬಂದಿತ್ತು. ಕಳುವಾಗಿ ಹೋಗಿದ್ದನ್ನು ಇವರೇ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದಿದ್ದರು. ಎಲ್ಲಾ ಒಂದೇ ರಾಶಿಯಾಗಿತ್ತು. ಚುಕ್ಕಿಯಲ್ಲಿ ಹೆಸರು ಹೊಡೆದಿದೆ ಅಂದರೆ ಅದು ಯಾರದೋ ಅಡುಗೆಮನೆಯ ಸ್ವತ್ತು, ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಬೇರೆ ಅರ್ಥ ಹೊಳೆಯುವುದಿಲ್ಲ. ಅವರ ಮನೆಮಾತು ತೆಲುಗು, ಓದಿದ್ದು ತಮಿಳು. ನಮ್ಮ ಜೊತೆ ಕನ್ನಡ ಸಲೀಸಾಗಿ ಆಡುತ್ತಾರೆ, ಅಕ್ಷರ ಮಾತ್ರ ಬಾರದು. ಆ ಮುಚ್ಚಳವನ್ನು ಅವರು ಉಜ್ಜಿದ್ದು, ಅಮ್ಮ ನನಗೆ ಹೇಳುವ ಮೊದಲೇ ಒಂದು ಮಧ್ಯಾಹ್ನ, ನಮ್ಮ ಹಿತ್ತಲಿನ ಬಟ್ಟೆಕಲ್ಲಿನ ಮೇಲೆ. ಅಮ್ಮ ಒಳಗೆ ಮಲಗಿದ್ದಳು. ನಾನು ಎರಡು ಸಲ ಕಾಫಿ ಕೊಟ್ಟು ಬಂದಿದ್ದೆ. ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸಿದ ಮೇಷ್ಟ್ರಮ್ಮ ನಾನು. ನನ್ನ ಮನೆಯ ಹಿತ್ತಲಲ್ಲಿದ್ದ ಮೂರಕ್ಷರ ಓದಲು ನನ್ನನ್ನು ಯಾರೂ ಕರೆಯಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು ಬಹಳ ಕೆಟ್ಟದ್ದು. ಬಾಯಿ ತೆರೆದಿದ್ದೆ, ಅಮ್ಮ ನನ್ನ ಮೊಣಕೈ ಹಿಡಿದಳು.

"ಒಳ್ಳೇ ಕೆಲ್ಸ ಮಾಡಿದೀರಪ್ಪ. ಚೆಂದಾಗಿ ಹೊಳೀತೈತೆ," ಅಂದಳು. ಆಮೇಲೆ ಮುಚ್ಚಳದ ಮೇಲೆ ಮೂಡಿದ್ದ ತನ್ನ ಬೆರಳಿನ ಗುರುತನ್ನು ಸೆರಗಿನಿಂದ ಒರೆಸಿದಳು. ಹೊಳಪಿನ ಮೇಲೆ ಕೈಗುರುತು ಬಿದ್ದರೆ ಅಳಿಯನಿಗೆ ಆಗುವುದಿಲ್ಲ ಎಂದು ಅವಳಿಗೆ ಗೊತ್ತು.

ಮನೆಗೆ ಬಂದ ಮೇಲೆ ಅವರು ಸ್ನಾನಕ್ಕೆ ಹೋದಾಗ ನಾನು ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ. ಅವರಿಗೆ ಹೇಳಬೇಡ ಅಂದಳು.

"ತಿಳಿದ್ರೆ ಆಯಪ್ಪ ಅನ್ನ ಬಿಟ್ಬುಡ್ತಾನೆ. ಹೋಗಿದ್ದು ಹೋಯ್ತು. ಇವ್ನನ್ನೂ ಯಾಕೆ ಸುಡಾಣ."

ನಾಲ್ಕು ದಿನ ಬಿಟ್ಟು ಬಜಾರಿಗೆ ಹೋಗಿ ಒಂದು ಪುಟ್ಟ ಹಿತ್ತಾಳೆ ಲೋಟ ಕೊಂಡೆ. ಅಂಗಡಿಯ ಹುಡುಗಿಗೆ ಕನ್ನಡ ಬಾರದು. ನಾನು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ಟೆ, ಅವಳು ಕೋಲಂ ರಂಗೋಲಿ ಎಳೆಯುವ ಹಾಗೆ ನೋಡಿಕೊಂಡು ಮಿಷನ್ನಿನಲ್ಲಿ ಎಳೆದಳು. ಅಮ್ಮನ ಕೈಗೆ ಕೊಟ್ಟೆ. ಏನು ಎಂದು ನಾನು ಹೇಳಲೂ ಇಲ್ಲ, ಅವಳ ಬೆರಳಿಗೆ ಗೊತ್ತಾಯಿತು. ಗೆರೆಯ ಮೇಲೆ ಒಂದು ಸಲ ಆಡಿಸಿ, ಇದು ನಿಮ್ಮಪ್ಪನ ಕೈ ಅಲ್ಲ ಅಂದಳು. ಬೇಜಾರಿನಿಂದಲ್ಲ. ಬೇರೆ ಮನೆಯ ಪಾತ್ರೆ ನಮ್ಮ ಪಾತ್ರೆಯೊಳಗೆ ಸೇರಿಕೊಂಡಾಗ ಹೇಳುವಂತೆ, ಅಷ್ಟೇ. ಲೋಟವನ್ನು ಸ್ಟ್ಯಾಂಡಿನಲ್ಲಿ ಇಟ್ಟಳು. ಅದು ಈಗ ನಮ್ಮವರಿಗೆ ಇಷ್ಟವಾಗಿದೆ. ಮಧ್ಯಾಹ್ನದ ಮಜ್ಜಿಗೆ ಅದರಲ್ಲೇ ಕುಡಿಯುತ್ತಾರೆ. ಅವರು ಅದನ್ನೆತ್ತಿ ಕುಡಿಯುವಾಗ ನಾನು ಆ ಕಡೆ ನೋಡುವುದಿಲ್ಲ.

ಮ್ಯೂಸಿಯಂ ಚೆನ್ನಾಗಿ ನಡೆಯುತ್ತಿದೆ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ, ಇಂಜಿನ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಭಾನುವಾರ ಬೆಳಿಗ್ಗೆ ನಮ್ಮವರು ಬನಿಯನ್ ಬಟ್ಟೆಯ ತುಂಡು, ಪಾಲಿಶ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಮೊದಲು ಒರೆಸುವುದು ಎಣ್ಣೆ ಬಟ್ಟಲನ್ನೇ ಅಂತೆ, ಅತ್ತೆ ಮೆಚ್ಚಿದ್ದಲ್ಲವಾ ಎಂದು. ಹೋದ ವಾರ ಚಪ್ಪಲಿ ಮೆಟ್ಟುತ್ತಾ ಅಮ್ಮನನ್ನು ಕರೆದರು. ಈಗ ಹತ್ತಲು ಮೆಟ್ಟಿಲು ಮಾಡಿಸಿದ್ದೇವೆ, ನಿಮಗೆ ಕಷ್ಟವಾಗುವುದಿಲ್ಲ, ಮಾವನ ಇಂಜಿನ್ ಇನ್ನೊಂದು ಸಲ ನೋಡಿಬರೋಣ ಬನ್ನಿ ಅಂದರು. ಅಮ್ಮ ಅವರ ತಿಂಡಿ ಡಬ್ಬಿಯನ್ನು ಕೈಗಿಟ್ಟಳು.

"ನೀವ್ ಹೋಗ್ಬನ್ನಿ ಅಪ್ಪ. ಅಲ್ಲಿ ನಮ್ಮೋರು ಅಂತ ಯಾರೂ ಇಲ್ಲ ಈಗ."

ಅವರು ಮಾವನನ್ನು ನೆನೆಸಿಕೊಂಡು ತಲೆಯಾಡಿಸಿ, ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದರು.