ಇಲ್ಲದ ಮೇಕೆ

ನಿವೃತ್ತಿಯ ನಂತರವೂ ನಾನು ಪಶುವೈದ್ಯರಿಗೆ ಪಾಠ ಹೇಳುತ್ತೇನೆ. ಒಂದು ರೋಗದ ಬಗ್ಗೆ ನಡೆದ ಸಂಶೋಧನೆಗಳನ್ನೆಲ್ಲ ಹುಡುಕಿ, ಓದಿ, ಜರಡಿ ಹಿಡಿದು, ನಂಬಬಹುದಾದದ್ದನ್ನು ಉಳಿಸಿಕೊಳ್ಳುವ ಪಾಠ. ಅದರಲ್ಲಿ ನಾನು ಸಡಿಲ ಬಿಡದ ನಿಯಮವೊಂದಿದೆ. ಪ್ರತಿ ಪ್ರಬಂಧವನ್ನೂ ಇಬ್ಬರು ಬೇರೆ ಬೇರೆಯಾಗಿ ಓದಬೇಕು. ತೀರ್ಮಾನ ಬರೆದುಕೊಡುವ ತನಕ ಮಾತಾಡಿಕೊಳ್ಳಬಾರದು. ಇಬ್ಬರ ತೀರ್ಮಾನ ಬೇರೆಯಾದರೆ ಮೂರನೆಯವರು ಓದುತ್ತಾರೆ.

ಮಂಡ್ಯದ ತರಗತಿಯಲ್ಲಿ ಹಸುವಿನ ಕೆಚ್ಚಲು ಬಾವನ್ನು ಕೈಗೆತ್ತಿಕೊಂಡಿದ್ದೆವು. ಹಾಲು ಕರೆದ ಮೇಲೆ ಹಚ್ಚುವ ಒಂದು ಪುಡಿಯಿಂದ ಬಾವು ತಪ್ಪುತ್ತದೆಯೇ ಎಂಬುದು ಪ್ರಶ್ನೆ. ನಮ್ಮ ಉತ್ತರ ಕರಪತ್ರವಾಗಿ ಡೈರಿಗಳಿಗೆ ಹೋಗುವುದಿತ್ತು. ದುದ್ದದ ಕಡೆಯ ಹಸು ಸಾಕುವ ಹೆಂಗಸರು ಅದನ್ನು ನಂಬಿ ಪುಡಿ ಕೊಳ್ಳುತ್ತಿದ್ದರು, ಇಲ್ಲವೇ ಬಿಡುತ್ತಿದ್ದರು.

ಒಂದು ಜೋಡಿಯಲ್ಲಿ ಆ ಪುಡಿಯನ್ನೇ ವರ್ಷಗಟ್ಟಲೆ ಬರೆದುಕೊಟ್ಟಿದ್ದ ಹಿರಿಯ ವೈದ್ಯರಿದ್ದರು. ಜೊತೆಗೆ ಅವರ ಕೈಕೆಳಗೆ ಆತಗೂರಿನಲ್ಲಿ ಕೆಲಸ ಮಾಡುವ ಯುವ ವೈದ್ಯೆ. ಮೊದಲ ದಿನವೇ ಇಬ್ಬರೂ ಒಂದೇ ತಟ್ಟೆಯ ವಡೆ ಮುರಿಯುತ್ತ ಕೂತಿದ್ದರು. "ಇದು ಬ್ಯಾಡ, ಬರ್ಕೊಳಮ್ಮ. ಮುಂದಿಂದು ತೆಗಿ" ಎಂದು ಅವರು ಹೇಳುವುದು, ಈಕೆ ಬರೆಯುವುದು. ಹಾಳೆ ಹರಿದುಹಾಕಿದೆ. ಮರುದಿನ ಅವರನ್ನು ಮಳವಳ್ಳಿಯ ಆಸ್ಪತ್ರೆಯಲ್ಲೂ ಈಕೆಯನ್ನು ಮದ್ದೂರಿನಲ್ಲೂ ಕೂರಿಸಿ ಓದಿಸಿದೆ.

ಉತ್ತರಗಳು ಮತ್ತೆ ಒಂದೇ. ಪುಡಿಯಿಂದ ಉಪಯೋಗವಿಲ್ಲ ಎಂದ ಒಂದು ಒಳ್ಳೆಯ ಪ್ರಬಂಧವನ್ನು ಇಬ್ಬರೂ ತಳ್ಳಿಹಾಕಿದ್ದರು. ಕಾರಣ: ಪ್ರಯೋಗ ನಡೆದದ್ದು ಮೇಕೆಗಳ ಮೇಲೆ. ತೆಗೆದು ನೋಡಿದೆ. ಮೊದಲಿಂದ ಕಡೆಯವರೆಗೆ ಹಸುಗಳೇ.

ಆಕೆಯನ್ನು ಕರೆದು ಕೇಳಿದೆ. "ಮೇಕೆ ಎಲ್ಲಿತ್ತಮ್ಮ?"

"ಸಾರ್ ಫೋನ್ ಮಾಡಿ ಹೇಳಿದ್ರು ಮೇಡಂ. ದೊಡ್ಡೋರಿಗೆ ಎದುರು ಬರೆದ್ರೆ ಚೆನ್ನಾಗಿರಲ್ಲ ಅಂತ..."

"ನೀನು ಓದಿದ್ದೆಯಾ?"

"ಓದಿದ್ದೆ. ಹಸುಗಳೇ."

ಒಡೆದ ಹಾಲು ಬಾಯಿಗೆ ಬಂದಂತಾಯಿತು. ಆ ಹಿರಿಯರ ಸುಳ್ಳಿಗಿಂತ, ಓದಿದವಳು ಅದನ್ನು ದುಂಡಗೆ ನಕಲು ಮಾಡಿದ್ದು ನನಗೆ ಹೆಚ್ಚು ಹೇಸಿಗೆ ಎನಿಸಿತು. ಅದನ್ನು ಅವಳು ಮರ್ಯಾದೆ ಎಂದುಕೊಂಡಿದ್ದಳು.

ತರಗತಿಯ ಎದುರೇ ಆಕೆಗೆ ಹೊಸ ಹಾಳೆ ಕೊಟ್ಟು, ಸ್ವಂತ ತೀರ್ಮಾನ ಬರೆಯಲು ಹೇಳಿದೆ. ಹಿರಿಯರು ನಕ್ಕರು. "ಬರಿಯವ್ವ, ಬರಿ. ಆತಗೂರಿಂದ ಎಲ್ಲಿಗೆ ಎತ್ತಾಕಿಸ್ತೀನಿ ನೋಡ್ತಿರು."

ಹಿಂದಿನ ಬೆಂಚಿನಿಂದ ಯಾರೋ, "ಮೇಕೆ ಮೇಯ್ಸಕ್ಕೆ ಕಣಮ್ಮ!" ಎಂದರು. ಎಲ್ಲರೂ ಗೊಳ್ಳೆಂದರು. ಇವರೆಲ್ಲ ವೈದ್ಯರು.

"ಈಗ ಆಡಿದ ಮಾತನ್ನೂ ಬರೆದು ಸಹಿ ಹಾಕಿ" ಎಂದು ಹಿರಿಯರ ಮುಂದೆ ಹಾಳೆ ಇಟ್ಟೆ.

"ತಮಾಸೆಗಂದೆ, ಬುಡಿ ಮೇಡಂ."

ಆಕೆ ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು, ಆದರೂ ಬರೆದು ಮುಗಿಸಿದಳು. ಈಗ ಇಬ್ಬರ ಮಾತು ಬೇರೆಯಾದ್ದರಿಂದ ಮೂರನೆಯವಳಾಗಿ ನಾನು ಓದಿ, ಪ್ರಬಂಧವನ್ನು ಒಳಗೆ ಸೇರಿಸಿದೆ. ಪುಡಿಯಿಂದ ಉಪಯೋಗವಿದೆ ಎನ್ನಲು ಆಧಾರ ಉಳಿಯಲಿಲ್ಲ. ಕರಪತ್ರ ಹಾಗೆಯೇ ಅಚ್ಚಾಯಿತು.

ಅಂದು ಮಧ್ಯಾಹ್ನ ಹಿರಿಯರು ಏನೂ ಆಗಿಲ್ಲವೆಂಬಂತೆ ಬಂದು, "ಬನ್ನಿ ಮೇಡಂ, ಮುದ್ದೆ ಬಿಸಿ ಐತೆ" ಎಂದು ಕರೆದರು. ಅವರ ಪಂಕ್ತಿಯಲ್ಲಿ ಕೂತು ಉಣ್ಣಲು ನನ್ನಿಂದಾಗಲಿಲ್ಲ. ಆಕೆಯನ್ನು ಕರೆದುಕೊಂಡು ಬೇರೆ ಹೋಟೆಲಿಗೆ ಹೋದೆ.