ಅಜ್ಜಿ ಕಳಿಸಿದ ಬ್ರೆಡ್ಡಿನ ಚೂರು

ಇವತ್ತು ಬೆಳಿಗ್ಗೆ ನಂಜನಗೂಡಿನ ಬಸ್‌ಸ್ಟ್ಯಾಂಡ್ ಪಕ್ಕದ ಬೇಕರಿಯಿಂದ ಬ್ರೆಡ್ಡಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈ ಮುಗಿದೇಬಿಟ್ಟೆ. ನಗಬೇಡಿ. ನಮ್ಮ ಮನೆತನದಲ್ಲಿ ಬ್ರೆಡ್ಡಿಗೆ ಕೈಮುಗಿಯುವ ಪದ್ಧತಿ ಉಂಟು. ಅದಕ್ಕೆ ಕಾರಣ ನಮ್ಮಜ್ಜಿ.

ನೂರು ವರ್ಷದ ಹಿಂದೆ ಹುಲ್ಲಹಳ್ಳಿಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಮುತ್ತಜ್ಜ, ಮನೆಯಲ್ಲಿ ಒಬ್ಬರಾದರೂ ಓದು ಬಲ್ಲವರಿರಲಿ ಎಂದು ಹತ್ತು ವರ್ಷದ ಮಗಳನ್ನು, ಅಂದರೆ ನಮ್ಮಜ್ಜಿಯನ್ನು, ಮೈಸೂರಿನ ಕ್ಯಾಥೊಲಿಕ್ ಕನ್ಯಾಸ್ತ್ರೀಯರ ಬೋರ್ಡಿಂಗ್ ಶಾಲೆಗೆ ಸೇರಿಸಿದ. ಗಂಡುಮಕ್ಕಳಿಗೆ ಓದು ಹತ್ತಿರಲಿಲ್ಲ. ಇವತ್ತಿಗೂ ಹತ್ತಿಲ್ಲ, ನನ್ನ ತಮ್ಮನೇ ಸಾಕ್ಷಿ.

ಅಲ್ಲಿ ಸ್ನಾನವನ್ನೂ ಉದ್ದನೆಯ ಅಂಗಿ ತೊಟ್ಟೇ ಮಾಡಬೇಕು. ಸ್ವಂತ ಮೈಯನ್ನೂ ನೋಡಿಕೊಳ್ಳಬಾರದು. “ನನ್ ಒಟ್ಟೆ ಅದೆಯೋ ಕರಗೋಯ್ತೋ ನಂಗೇ ಗೊತ್ತಿರ್ನಿಲ್ಲ ಕಣವ್ವ” ಎನ್ನುತ್ತಿದ್ದಳು ಅಜ್ಜಿ. ಊಟಕ್ಕೆ ಮುದ್ದೆಯ ಬದಲು ಒಣ ಬ್ರೆಡ್ಡು. ಅವಳಿಗೆ ಮನೆಗೆ ಹೋಗಬೇಕು, ಅಷ್ಟೇ. ಕಾಗದ ಬರೆಯೋಣವೆಂದರೆ, ಸಿಸ್ಟರ್ ಬೋರ್ಡಿನ ಮೇಲೆ ಬರೆದ ‘ನಾನು ಕ್ಷೇಮ, ಇಲ್ಲಿ ಎಲ್ಲರೂ ದಯಾಳುಗಳು’ ಎಂಬುದನ್ನೇ ಹುಡುಗಿಯರೆಲ್ಲ ನಕಲು ಮಾಡಬೇಕು. ಜ್ವರ ಬಂದು ಮಲಗಿದವಳೂ ಕ್ಷೇಮವೇ. ಹಾಗಾಗಿ ಅಜ್ಜಿ, ಲಕೋಟೆ ಅಂಟಿಸುವ ಮುನ್ನ ಕಲ್ಲಿನಂಥ ಬ್ರೆಡ್ಡಿನ ಒಂದು ಚೂರನ್ನು ಒಳಗೆ ತುರುಕಿದಳು. ಕಡಿದು ನೋಡಿದರೆ ಅಪ್ಪ ಅಂದೇ ಗಾಡಿ ಕಟ್ಟಿಸುತ್ತಾನೆ ಎಂದು ಅವಳ ನಂಬಿಕೆ.

ಅಪ್ಪ ಕಡಿಯಲಿಲ್ಲ. ಮಠದಿಂದ ವಿಭೂತಿ ಬಂದರೆ ಕಣ್ಣಿಗೊತ್ತಿಕೊಳ್ಳುವ ಮನೆ ಅದು. ಸಿಸ್ಟರುಗಳ ಮಠದಿಂದ ಬಂದದ್ದೂ ಪ್ರಸಾದವೇ ತಾನೆ? ದೇವರ ಮುಂದಿಟ್ಟು, ಒರಳಲ್ಲಿ ಕುಟ್ಟಿ, ಬೀದಿಗೆಲ್ಲ ಹಂಚಿದರು. ಅಜ್ಜಿ ತಿಂಗಳು ತಿಂಗಳೂ ಇನ್ನಷ್ಟು ಒಣಗಿದ ಚೂರು ಕಳಿಸಿದಳು. ಊರಿನ ಭಕ್ತಿ ಹೆಚ್ಚುತ್ತಲೇ ಹೋಯಿತು.

ಕೊನೆಗೊಂದು ದಿನ ಮುತ್ತಜ್ಜ ಶಾಲೆಗೇ ಬಂದ. ಅಜ್ಜಿ ಬಟ್ಟೆಗಂಟು ಹಿಡಿದೇ ಓಡಿದಳಂತೆ.

“ನೀನ್ ಕಳ್ಸಿದ್ ಪ್ರಸಾದ ತಿಂದು ನಿಮ್ಮವ್ವನ್ ಸೊಂಟನೋವು ವಾಸಿ ಆಯ್ತು ಕಣವ್ವ. ಇನ್ನೊಸಿ ಈಸ್ಕೊಡು.”

ಅಜ್ಜಿ ಬಟ್ಟೆಗಂಟು ಕೆಳಗಿಟ್ಟಳು. “ಊಂ ಕಣಪ್ಪ” ಎಂದವಳು ಅಲ್ಲೇ ಆರು ವರ್ಷ ಉಳಿದಳು. ಅವಳು ಇದನ್ನು ಹೇಳುವಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಅವಳು ನಗುತ್ತಿದ್ದಳೇ? ನೋಡಿದ ನೆನಪೇ ನನಗಿಲ್ಲ.

ಬೇಕರಿಯ ಮುಂದೆ ನಿಂತಲ್ಲೇ ಮೊಬೈಲ್ ತೆಗೆದು ನೋಡಿದೆ. ಮೊನ್ನೆ ಹಾಸನದ ಹಾಸ್ಟೆಲಿನಿಂದ ನನ್ನ ಮಗಳು ತಟ್ಟೆಯಲ್ಲಿದ್ದ ಚಪಾತಿಯ ಫೋಟೊ ಕಳಿಸಿದ್ದಳು, ಒಂದು ಮಾತೂ ಬರೆಯದೆ. ನಾನು ‘ಸೂಪರ್’ ಎಂದು ಹಾಕಿ, ನೆಂಟರಿಗೆಲ್ಲ ಫಾರ್ವರ್ಡ್ ಮಾಡಿದ್ದೆ.

ತಕ್ಷಣ ಫೋನು ಮಾಡಿದೆ. “ಕರ್ಕೊಂಡ್ ಬರೋಕೆ ಬರ್ಲೇನೇ?”



“ಯಾವ ಬಸ್ಸಿಗೆ ಬರ್ತೀಯಮ್ಮ?”