ಕೆರೆಯಂಚಿನ ನಾಲ್ಕೆಕರೆ

ಶಿರಹಟ್ಟಿ ಕಡೆಯ ಮಾಗಡಿಯ ಮರ್ದಾನಸಾಬನಿಗೆ ಇದ್ದದ್ದು ನಾಲ್ಕೆಕರೆ, ಅದೂ ಊರಿನ ಮೂರು ದಿಕ್ಕಿಗೆ ಮೂರು ತುಕಡಿ. ಒಂದರಲ್ಲಿ ಹರಗಿ ಮುಗಿಸಿ, ಎತ್ತು ಹೊಡೆದುಕೊಂಡು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೊತ್ತು ನೆತ್ತಿಗೇರುತ್ತಿತ್ತು. ಅದಕ್ಕೇ ೧೯೭೪ರಲ್ಲಿ ಸರಕಾರ ತುಕಡಿಗಳನ್ನು ಕೂಡಿಸಿ ಎಲ್ಲರಿಗೂ ಒಂದೇ ಕಡೆ ಹೊಲ ಕೊಡುತ್ತದೆ ಎಂದಾಗ ಊರಲ್ಲಿ ಮೊದಲು ಹೆಬ್ಬೆಟ್ಟು ಒತ್ತಿದವನು ಅವನೇ.

ಅವನ ಪಾಲಿಗೆ ಬಂದದ್ದು ಕೆರೆಯಂಚಿನ ಹೊಲ. ಅಳತೆ ಸರಿಯಿತ್ತು, ಮಣ್ಣೂ ಎರೆಮಣ್ಣೇ. ಆದರೆ ಚಳಿಗಾಲಕ್ಕೆ ಎಲ್ಲಿಂದಲೋ ಬರುವ ದೊಡ್ಡ ಬಾತುಗಳು ಕೆರೆಗಿಳಿದರೆ ಮೊದಲು ಮೇಯುವುದು ಆ ಅಂಚಿನ ಪೈರನ್ನೇ. ಹಿಂದಿನ ಒಡೆಯ ಅದನ್ನು ದನಕ್ಕೆ ಬಿಟ್ಟಿದ್ದ. ಬೇಸಿಗೆಯಲ್ಲಿ ಬಂದು ಅಳೆದುಹೋದ ಸಾಹೇಬರಿಗೆ ಇದೆಲ್ಲ ಗೊತ್ತಿರಲಿಲ್ಲ. ಮೊದಲ ವರ್ಷ ಬಿತ್ತಿದ ಕಡಲೆ ಗೇಣುದ್ದವಾಗುವ ಮೊದಲೇ ನೆಲ ಬೋಳಾಯಿತು.

ಹಳ್ಳದ ದಂಡೆಯ ಅವನ ಒಂದೂವರೆ ಎಕರೆ, ಇದ್ದುದರಲ್ಲೇ ಒಳ್ಳೆಯದು, ದೇವಪ್ಪನ ಹೊಲಕ್ಕೆ ಸೇರಿತ್ತು. ದೇವಪ್ಪ ಅವನ ಓರಗೆಯವನು. ಇಬ್ಬರೂ ಒಂದೊಂದು ಎತ್ತು ಕಟ್ಟಿ, ಜೋಡಿ ಮಾಡಿಕೊಂಡು ಉಳುತ್ತಿದ್ದರು. ಹಂಚಿಕೆ ಸರಿಯಿಲ್ಲವೆಂದು ಮರ್ದಾನಸಾಬ ತಕರಾರು ಹೂಡಿದ ಮೇಲೆ ದೇವಪ್ಪನ ಮನೆಗೆ ನೋಟೀಸು ಬಂತು. ಅವನು ಅದನ್ನು ಹಿಡಿದುಕೊಂಡೇ ಬಂದ.

“ನನ್ನ ಹೆಸರ ಯಾಕ ಹಾಕ್ಸಿದಿ?”

“ಹೊಲಾ ನಿನ್ನ ಹೆಸರಿಗೆ ಐತಿ. ಹಾಕಬೇಕಂದ್ರು ವಕೀಲ್ರು.”

“ಕುಂಡ್ರು ದೇವಪ್ಪಣ್ಣ, ಚಾ ಮಾಡತೇನಿ,” ಎಂದಳು ಮರ್ದಾನಸಾಬನ ಹೆಂಡತಿ ಫಕೀರಬಿ. ಅವನು ಕೂಡಲಿಲ್ಲ. ಮರುದಿನ ತನ್ನ ಎತ್ತು ಬಿಚ್ಚಿಕೊಂಡು ಹೋದ.

ಎರಡು ವರ್ಷದ ಮೇಲೆ ಸ್ಥಳ ನೋಡಲು ಸಾಹೇಬರು ಬಂದರು, ಅದೂ ಮೇ ತಿಂಗಳಲ್ಲಿ.

“ಎಲ್ಲಿವೆ ನಿನ್ನ ಹಕ್ಕಿ?”

“ಈಗ ಹೋಗ್ಯಾವ್ರಿ. ದೀಪಾವಳಿ ಆದಮ್ಯಾಲೆ ಬರ್ರಿ, ತೋರಸ್ತೇನಿ.”

“ನಾನು ಕಂಡದ್ದನ್ನ ಬರೀಬೇಕಪ್ಪ,” ಎಂದು ಅವರು ಜೀಪು ಹತ್ತಿದರು. ತಕರಾರು ವಜಾ ಆಯಿತು. ಮರ್ದಾನಸಾಬ ಮೇಲ್ಮನವಿ ಹಾಕಿದ.

ಆ ಚಳಿಗಾಲದ ಒಂದು ಬೆಳಿಗ್ಗೆ ದೇವಪ್ಪ ತಾನಾಗಿಯೇ ಕೆರೆಯಂಚಿಗೆ ಬಂದ. ಫಕೀರಬಿ ಡಬ್ಬಿ ಬಡಿಯುತ್ತ ಓಡಾಡುತ್ತಿದ್ದಳು. ಬಾತುಗಳು ಎದ್ದು ಹೊಲದ ಇನ್ನೊಂದು ತುದಿಗೆ ಇಳಿಯುತ್ತಿದ್ದವು. ಬಹಳ ಹೊತ್ತು ನೋಡಿ ಅವನೆಂದ: “ಆ ಒಂದೂವರಿ ಎಕರೆ ತಗೊಂಡಬಿಡು. ಇಬ್ಬರೂ ಹೋಗಿ ಬರಸೂಣು.”

ಇಬ್ಬರೂ ಒಂದೇ ಬಸ್ಸಿನಲ್ಲಿ ಶಿರಹಟ್ಟಿಗೆ ಹೋದರು. ಕಚೇರಿಯ ಗುಮಾಸ್ತ ಎಲ್ಲ ಕೇಳಿ ತಲೆಯಾಡಿಸಿದ. “ಮತ್ತ ತುಕಡಿ ಆಗಬಾರದಂತನ ಈ ಕಾಯ್ದೆ ಮಾಡ್ಯಾರ. ಒಡದು ಕೊಡಾಕ ಬರೂದಿಲ್ಲ.”

“ನಾನ ಕೊಡತೇನಿ ಅಂದ್ರೂ ಬರೂದಿಲ್ಲನು?” ಎಂದ ದೇವಪ್ಪ.

“ನೀವು ಕೊಟ್ರೂ ಬರೂದಿಲ್ರಿ.”

ಊರಿಗೆ ಬಂದು ಬಸ್ಸಿಳಿದ ಮೇಲೆ ದೇವಪ್ಪನೆಂದ: “ಕಾಗದ ಹಾಳಾಗ್ಲಿ. ನೀ ಬಿತ್ತಗೋ.”

ಮರ್ದಾನಸಾಬ ಮೂರು ವರ್ಷ ಬಾಯಿಮಾತಿನ ಮೇಲೆ ಅಲ್ಲಿ ಜೋಳ ಬೆಳೆದ. ೧೯೮೦ರಲ್ಲಿ ದೇವಪ್ಪ ತೀರಿಕೊಂಡ. ದಿನಕರ್ಮಗಳು ಮುಗಿದ ಮೇಲೆ ಹಿರಿಯ ಮಗ ಸಕ್ರಪ್ಪ ಬಂದು ನೆಲ ನೋಡುತ್ತ ನಿಂತ.

“ಕಾಕಾ, ಅಪ್ಪ ಇರೂತನಕ ಆತು. ನಾವು ಮೂರು ಮಂದಿ ಅಣ್ಣತಮ್ಮಂದಿರು. ಹೊಲದ ಉತಾರದಾಗ ನಮ್ಮ ಹೆಸರೈತಿ.”

ಮರ್ದಾನಸಾಬ ಹೊಲ ಬಿಟ್ಟುಕೊಟ್ಟ. ದೇವಪ್ಪನ ಮಾತಿಗೆ ಸಾಕ್ಷಿಯೆಂದರೆ ಆ ಗುಮಾಸ್ತ ಒಬ್ಬನೇ. ಅವನಿಗೂ ಎಲ್ಲಿಗೋ ವರ್ಗವಾಗಿತ್ತು.

ಮೇಲ್ಮನವಿಯ ತೀರ್ಪು ಬಂದದ್ದು ೧೯೮೪ರಲ್ಲಿ. ಹಂಚಿಕೆ ನ್ಯಾಯವಾಗಿಲ್ಲ, ಚಳಿಗಾಲದಲ್ಲಿ ಹೊಲ ನೋಡಿ ಮತ್ತೆ ನಿರ್ಧರಿಸಬೇಕು ಎಂದಿತ್ತು. ಫಕೀರಬಿ ಅದನ್ನು ಶಾಲೆಯ ಮಾಸ್ತರರಿಂದ ಎರಡು ಸಲ ಓದಿಸಿ ಕೇಳಿದಳು. ಆದರೆ ನೋಡುವವರೇ ಇರಲಿಲ್ಲ. ಯೋಜನೆ ಮುಗಿದು ಆ ಕಚೇರಿಯನ್ನೇ ಮುಚ್ಚಿದ್ದರು. ಗದಗಿಗೆ ಹೋದರೆ ಶಿರಹಟ್ಟಿಗೆ ಹೋಗೆಂದರು, ಶಿರಹಟ್ಟಿಯಲ್ಲಿ ಗದಗನ್ನು ತೋರಿಸಿದರು. ಎರಡು ಚಳಿಗಾಲ ಹೀಗೇ ಹೋದವು. ಆಮೇಲೆ ಅವನು ಹೋಗುವುದನ್ನೇ ಬಿಟ್ಟ. ಕೆರೆಯಂಚಿನಲ್ಲಿ ಬಿತ್ತುವುದನ್ನೂ ಬಿಟ್ಟ.

ಮುಂದಿನ ಸುಗ್ಗಿಯಲ್ಲಿ ಹಳ್ಳದ ದಂಡೆಯ ಸಕ್ರಪ್ಪನ ಹೊಲಕ್ಕೆ ಜೋಳ ಕೊಯ್ಯಲು ಬಂದ ಆಳುಗಳಲ್ಲಿ ಗಂಡಹೆಂಡಿರಿಬ್ಬರೂ ಇದ್ದರು. ಸಕ್ರಪ್ಪ ಅವನನ್ನು ಕಂಡು ಹತ್ತಿರ ಬಂದ.

“ಕಾಕಾ, ನೀವು ನೆಳ್ಳಿಗೆ ಕುಂಡ್ರಿ.”

“ಕೂಲಿಗೆ ಬಂದೇನಪಾ,” ಎಂದು ಮರ್ದಾನಸಾಬ ಕುಡಗೋಲು ಹಿಡಿದು ಸಾಲಿಗೆ ಇಳಿದ. ಉಳಿದವರು ಬದುವಿನ ಹತ್ತಿರ ಬಂದಾಗ ಅವನು ಅರ್ಧ ಸಾಲಿನಲ್ಲೇ ಇದ್ದ. ಫಕೀರಬಿ ತನ್ನ ಸಾಲು ಮುಗಿಸಿ, ಅವನ ಸಾಲನ್ನು ಆ ತುದಿಯಿಂದ ಕೊಯ್ಯುತ್ತ ಬಂದಳು.